ಈಯುವ ಮುನ್ನಿನ ಆರು ವಾರ

ಕನ್ನಡದಲ್ಲಿ ‘ಹಿಂಡು’ ಎಂಬ ಮಾತು ಎರಡು ಕಡೆಗೆ ದುಡಿಯುತ್ತದೆ. ನಾಮಪದವಾದಾಗ ಅದು ಕುರಿಗಳ ಸಮೂಹ. ಕ್ರಿಯಾಪದವಾದಾಗ ಒತ್ತಿ ರಸ ತೆಗೆಯುವ ಕೆಲಸ. ಎಣ್ಣೆಬೀಜವನ್ನು ಗಾಣದಲ್ಲಿ ಹಿಂಡಿದ ಮೇಲೆ ಉಳಿಯುವುದು ಹಿಂಡಿ. ಚತುರ್ಥೀ ವಿಭಕ್ತಿಯಲ್ಲಂತೂ ಕುರಿಗಳ ಹಿಂಡೂ ಗಾಣದ ಹಿಂಡಿಯೂ ಒಂದೇ ರೂಪವನ್ನು ತಾಳಿ ‘ಹಿಂಡಿಗೆ’ ಎಂದಾಗುತ್ತವೆ. ಇವುಗಳ ಧಾತು ಒಂದೆಯೋ ಬೇರೆಯೋ ಎಂಬುದನ್ನು ನಿಘಂಟುಕಾರರು ತೀರ್ಮಾನಿಸಲಿ. ಬದುಕಿನಲ್ಲಿ ಇವೆರಡಕ್ಕೂ ನಂಟಿದೆ ಎಂಬುದನ್ನು ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹೋಗಬೇಕು. ಅಲ್ಲಿ ಒಂದೇ ಊರಿನಲ್ಲಿ ಶೇಂಗಾ ಎಣ್ಣೆಯ ಗಿರಣಿಗಳೂ ಇವೆ, ಕಂಬಳಿಯ ವ್ಯಾಪಾರವೂ ಇದೆ. ಹಿಂಡು ಊರಾಚೆಯ ಬಯಲಿನಲ್ಲಿ, ಹಿಂಡಿ ಊರೊಳಗಿನ ಗೋದಾಮಿನಲ್ಲಿ. ಇವೆರಡನ್ನೂ ಯಾವಾಗ, ಎಷ್ಟು, ಹೇಗೆ ಕೂಡಿಸಬೇಕೆಂಬುದು ಇಂದಿನ ಮಾತಿನ ವಿಷಯ. ಇನ್ನೂ ಬಿಡಿಸಿ ಹೇಳುವುದಾದರೆ, ಗಬ್ಬದ ಕುರಿಗೆ ಈಯುವ ಮುನ್ನ ಕೊಂಡು ಹಾಕಬೇಕಾದ ತಿನಿಸಿನ ವಿಚಾರ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಕುರಿಯ ಮೇವಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಸಾಹಿತ್ಯದಲ್ಲಿ ಕುರಿ ಎಂದರೆ ಬಹುಮಟ್ಟಿಗೆ ಬಲಿಯ ನೆನಪು, ಇಲ್ಲವೆ ಮೂಢತನಕ್ಕೆ ಒಂದು ಉಪಮೆ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಒಂದು ಕೋಟಿ ಹನ್ನೊಂದು ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರಗಳನ್ನು ಬಿಟ್ಟರೆ ದೇಶದಲ್ಲಿ ನಾವೇ ಮುಂದು. ಇಷ್ಟು ದೊಡ್ಡ ಬದುಕೊಂದು ನಮ್ಮ ಪಟ್ಟಣಗಳ ಅಂಚಿನಲ್ಲೇ ನಡೆಯುತ್ತಿರುವಾಗ ಅದರ ಲೆಕ್ಕಾಚಾರವನ್ನು ತಿಳಿಯುವುದು ಓದುಬಲ್ಲವರಿಗೆ ಅನುಚಿತವೇನಲ್ಲ.

ಹಳೆಯ ಕುರಿಗಾಹಿಯನ್ನು ಕೇಳಿದರೆ ಮೊದಲು ನಗುತ್ತಾನೆ. ‘ಕುರಿ ಬಯಲಾಗೆ ಮೇಯೋ ಪ್ರಾಣಿ ಸ್ವಾಮಿ, ಅದಕ್ಕೆ ದುಡ್ಡು ಕೊಟ್ಟು ತಿನಿಸು ಹಾಕಾದೇನು?’ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಯಲಿದ್ದಾಗ ಅದು ನಿಜವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತಷ್ಟೆ. ಆ ದನಗಳಿಗಾಗಿ ಮೀಸಲಿಟ್ಟ ಕಾವಲುಗಳಲ್ಲಿ ಕಾಲಕ್ರಮದಲ್ಲಿ ಸುತ್ತಣ ಹಳ್ಳಿಗಳ ಕುರಿಗಳೂ ಮೇಯುತ್ತ ಬಂದವು. ಈಗ ಆ ಕಾವಲುಗಳು ಕುಗ್ಗಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿನ ಕಾವಲಿನಲ್ಲೇ 2009ರ ಈಚೆಗೆ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಆ ಸಂಸ್ಥೆಗಳು ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಬೇಲಿಯ ಈಚೆ ನಿಂತ ಕುರಿಗೆ ಮಾತ್ರ ಹುಲ್ಲು ಕಡಿಮೆಯಾಯಿತು. ಹಿಂದೆ ನೆಲ ಪುಕ್ಕಟೆಯಾಗಿ ಕೊಡುತ್ತಿದ್ದುದರಲ್ಲಿ ಒಂದಂಶವನ್ನಾದರೂ ಇಂದು ಚೀಲದಲ್ಲಿ ಕೊಳ್ಳಬೇಕಾಗಿದೆ. ಕೊಳ್ಳುವ ಕೈ ಬಡವರದು. ಆದ್ದರಿಂದಲೇ ಆ ಕೊಳ್ಳುವಿಕೆ ಕಣ್ಣುಬಿಟ್ಟು ನಡೆಯಬೇಕು.

ಕುರಿಯ ಗಬ್ಬದ ಅವಧಿ ಹೆಚ್ಚುಕಡಿಮೆ ಐದು ತಿಂಗಳು, ಅಂದರೆ 147ರಿಂದ 150 ದಿನ. ಮೊದಲ ಮೂರೂವರೆ ತಿಂಗಳು ಒಳಗಿನ ಮರಿ ತಾಯಿಗೆ ಅಷ್ಟೇನೂ ಹೊರೆಯಾಗುವುದಿಲ್ಲ. ಹುಟ್ಟುವಾಗ ಅದಕ್ಕಿರುವ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸೇರುವುದು ಕೊನೆಯ ಆರು ವಾರಗಳಲ್ಲಿ. ತೊಡಕಿರುವುದೂ ಇಲ್ಲಿಯೇ. ಮರಿ ಬೆಳೆದಂತೆ ಗರ್ಭಕೋಶ ಹಿಗ್ಗಿ, ಹುಲ್ಲು ತುಂಬಿಕೊಳ್ಳುವ ದೊಡ್ಡ ಹೊಟ್ಟೆಯನ್ನು ಒತ್ತುತ್ತದೆ. ಹಸಿವು ಹೆಚ್ಚಿದ ಹೊತ್ತಿನಲ್ಲಿಯೇ ಜಾಗ ಕಡಿಮೆಯಾಗುತ್ತದೆ. ಒಣಹುಲ್ಲನ್ನು ಎಷ್ಟು ಸುರಿದರೂ ತಿನ್ನಲಾರದು, ತಿಂದರೂ ಸಾಲದು. ಸ್ವಲ್ಪದರಲ್ಲೇ ಹೆಚ್ಚು ಸತ್ವವಿರುವ ತಿನಿಸು ಆಗ ಬೇಕೆನ್ನುವುದಕ್ಕೆ ಕಾರಣ ಇದು. ಕುರಿಯ ಮೇಲಿನ ಅಕ್ಕರೆಯಲ್ಲ.

ತಾಯಿಗೆ ಸಾಲದಿದ್ದರೆ ಏನಾಗುತ್ತದೆ? ಎರಡೂವರೆ ಕಿಲೋ ಇರಬೇಕಾದ ಮರಿ ಒಂದೂವರೆ ಕಿಲೋ ಹುಟ್ಟುತ್ತದೆ. ಪುಷ್ಯ ಮಾಸದ ಚಳಿಯಲ್ಲಿ ಬಯಲು ರೊಪ್ಪದೊಳಗೆ ಅಷ್ಟು ಚಿಕ್ಕ ದೇಹ ತನ್ನ ಬಿಸಿಯನ್ನು ಬಹಳ ಹೊತ್ತು ಹಿಡಿದಿಡಲಾರದು. ಕೆಚ್ಚಲು ಕಟ್ಟುವುದೂ ಇದೇ ಆರು ವಾರಗಳಲ್ಲಾದ್ದರಿಂದ ಬಡಕಲು ತಾಯಿಗೆ ಗಿಣ್ಣುಹಾಲು ಕಡಿಮೆ. ಮನುಷ್ಯನ ಶಿಶುವಿಗೆ ರೋಗವನ್ನು ತಡೆಯುವ ಕೆಲವು ವಸ್ತುಗಳು ತಾಯಿಯ ಗರ್ಭದಲ್ಲಿದ್ದಾಗಲೇ ಬರುತ್ತವೆ, ಕುರಿಮರಿಗೆ ಬರುವುದಿಲ್ಲ. ಅದಕ್ಕೆ ಅವು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ; ಅದೂ ಹುಟ್ಟಿದ ಮೊದಲ ದಿನ ಕಳೆದರೆ ಕರುಳು ಅವನ್ನು ಹೀರಿಕೊಳ್ಳದು. ಹಸಿದ ತಾಯಿ ಮರಿಯನ್ನು ನೆಕ್ಕದೆ ಬಿಟ್ಟುಹೋಗುವುದೂ ಉಂಟು. ಹಾಗಾದಾಗ ‘ಕುರಿಗೆ ಮಮತೆ ಇಲ್ಲ’ ಎಂದು ನಾವು ಹೇಳಿಬಿಡುತ್ತೇವೆ.

ಇದರಲ್ಲಿ ನನಗೆ ಬಹಳ ಸೋಜಿಗವೆನಿಸಿದ ಸಂಗತಿಯೊಂದಿದೆ. ಉಣ್ಣೆಯ ಎಳೆ ಹುಟ್ಟುವ ಸೂಕ್ಷ್ಮ ಕುಳಿಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯವು ಬೇಗ ರೂಪುಗೊಳ್ಳುತ್ತವೆ. ನವುರಾದ ಎಳೆ ಕೊಡುವ ಎರಡನೆಯ ಬಗೆಯವು ಮೂಡುವುದು ಮರಿ ತಾಯಿಯ ಗರ್ಭದಲ್ಲಿರುವ ಕೊನೆಯ ಎರಡು ತಿಂಗಳಲ್ಲಿ. ಆಗ ತಾಯಿ ತೀರ ಹಸಿದಿದ್ದರೆ ಅವುಗಳ ಸಂಖ್ಯೆ ಕುಗ್ಗುತ್ತದೆ. ಆಮೇಲೆ ಮರಿಗೆ ಎಷ್ಟು ತಿನ್ನಿಸಿದರೂ ಆ ನಷ್ಟ ಪೂರ್ಣವಾಗಿ ತುಂಬಿಬರುವುದಿಲ್ಲ. ಕಂಬಳಿ ನೇಯುವವನ ಮಗ್ಗಕ್ಕೆ ಮುಂದೆಂದೋ ಬರುವ ನೂಲಿನಲ್ಲಿ ಒಂದು ಪಾಲು ತಾಯಿಕುರಿಯ ಹೊಟ್ಟೆಯೊಳಗೆ ಆಗಲೇ ಗೊತ್ತಾಗಿರುತ್ತದೆ ಎಂದಾಯಿತು.

ತಾಯಿಯ ಜೀವಕ್ಕೂ ಅಪಾಯವಿದೆ. ಹೊರಗಿನಿಂದ ಶಕ್ತಿ ಸಾಲದಾದಾಗ ಕುರಿ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಉಣಿಸುತ್ತದೆ. ಮಿತಿ ಮೀರಿ ಕರಗಿದಾಗ ಯಕೃತ್ತು ಸೋತು, ರಕ್ತದಲ್ಲಿ ಕೀಟೋನ್ ಎಂಬ ವಸ್ತುಗಳು ನಂಜಿನಂತೆ ತುಂಬುತ್ತವೆ. ಕುರಿ ಹಿಂಡಿನಿಂದ ಬೇರೆಯಾಗಿ ನಿಲ್ಲುತ್ತದೆ, ಮೇವು ಬಿಡುತ್ತದೆ, ಕಣ್ಣು ಕಾಣದಂತೆ ತಡವರಿಸುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ. ಉಸಿರಿಗೆ ಒಂದು ಬಗೆಯ ಸಿಹಿ ವಾಸನೆ ಬರುತ್ತದೆ. ಇದನ್ನು ದೃಷ್ಟಿಯೆಂದೋ ಗಾಳಿಯೆಂದೋ ಭಾವಿಸಿ ದಿನ ಕಳೆದರೆ ಕುರಿ ಉಳಿಯುವುದು ಕಷ್ಟ. ಆ ದಿನವೇ ಪಶುವೈದ್ಯರನ್ನು ಕರೆಯಬೇಕು. ಬಡಕಲು ಕುರಿಗೆ ಹೇಗೋ ಅತಿಯಾಗಿ ಕೊಬ್ಬಿದ ಕುರಿಗೂ ಹಾಗೆಯೇ ಇದು ಬರುತ್ತದೆ. ಅವಳಿ ಮರಿ ಹೊತ್ತ ಕುರಿಗೆ ಇದರ ಭಯ ಹೆಚ್ಚು. ನಮ್ಮ ದಖನಿ ಕುರಿಯಾಗಲಿ ಬನ್ನೂರಿನ ಕುರಿಯಾಗಲಿ ಸಾಮಾನ್ಯವಾಗಿ ಈಯುವುದು ಒಂದೇ ಮರಿ. ಆದರೆ ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆ ಬಂಗಾಳದ ಸುಂದರಬನದ ಗರೋಲ್ ಕುರಿಯ ಅವಳಿ ಈಯುವ ಗುಣವನ್ನು ತಂದು ಸೇರಿಸಿ ‘ನಾರಿ ಸುವರ್ಣ’ ಎಂಬ ತಳಿಯನ್ನು ಬೆಳೆಸಿದೆ; ನಮ್ಮಲ್ಲಿಯೂ ಅದನ್ನು ತಂದು ಸಾಕುವವರಿದ್ದಾರೆ. ಎರಡು ಮರಿಯ ಆಸೆಗೆ ಆ ಕುರಿಯನ್ನು ಕೊಂಡವರು ಎರಡು ಮರಿಯ ತಿನಿಸನ್ನೂ ಕೊಳ್ಳಲೇಬೇಕು.

ಇನ್ನು ಕೊಳ್ಳುವ ವಿಚಾರ. ಅಂಗಡಿಗೆ ಹೋಗುವ ಮೊದಲು ಪಂಚಾಂಗ ನೋಡಬೇಕು. ಮುಹೂರ್ತಕ್ಕಲ್ಲ, ಮಳೆ ಬೆಳೆಗಳ ಲೆಕ್ಕಕ್ಕೆ. ಆಷಾಢ ಶ್ರಾವಣಗಳಲ್ಲಿ ಹೊಸ ಹುಲ್ಲು ಮೇದು ಗಬ್ಬ ಕಟ್ಟಿದ ಕುರಿ ಮಾರ್ಗಶಿರ ಪುಷ್ಯಗಳಲ್ಲಿ ಈಯುತ್ತದೆ. ಅದರ ಕೊನೆಯ ಆರು ವಾರ ಸುಗ್ಗಿಗೆ ಬೀಳುತ್ತದೆ. ಕಿತ್ತ ಶೇಂಗಾ ಹೊಲದಲ್ಲಿ ಬಳ್ಳಿ ಇರುತ್ತದೆ, ಕಣದಲ್ಲಿ ಕಾಳಿನ ಹೊಟ್ಟು ಇರುತ್ತದೆ. ಇವುಗಳಲ್ಲಿ ಪ್ರೋಟೀನು ತಕ್ಕಮಟ್ಟಿಗೆ ಇರುವುದರಿಂದ ಆ ಕುರಿಗೆ ಕೊರತೆಯಾಗುವುದು ಶಕ್ತಿ. ಒಂದು ಹಿಡಿ ಜೋಳದ ನುಚ್ಚೋ ಮೆಕ್ಕೆಜೋಳದ ನುಚ್ಚೋ ಸಾಕಾಗುತ್ತದೆ. ಮಾಘ ಫಾಲ್ಗುಣಗಳಲ್ಲಿ ಗಬ್ಬ ಕಟ್ಟಿ ಆಷಾಢದ ಹೊತ್ತಿಗೆ ಈಯುವ ಕುರಿಯ ಕಥೆ ಬೇರೆ. ಅದರ ಕಡೆಯ ವಾರಗಳು ವೈಶಾಖ ಜ್ಯೇಷ್ಠಗಳ ಬಿಸಿಲಿಗೆ ಸಿಕ್ಕುತ್ತವೆ. ಬಯಲಿನಲ್ಲಿ ಉಳಿದಿರುವ ಒಣಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲೂ ಇರುವುದು ಕಷ್ಟ. ಕುರಿಯ ಹೊಟ್ಟೆಯಲ್ಲಿ ನಾರನ್ನು ಕರಗಿಸುವವು ಕೋಟ್ಯಂತರ ಸೂಕ್ಷ್ಮಜೀವಿಗಳು; ಮೇವಿನಲ್ಲಿ ಪ್ರೋಟೀನು ಏಳು ಪಾಲಿಗಿಂತ ಕೆಳಗಿಳಿದರೆ ಅವು ದುಡಿಯಲಾರವು. ಆಗ ಹೊಟ್ಟೆ ತುಂಬಿಯೂ ಕುರಿ ಸೊರಗುತ್ತದೆ. ಇಂಥ ಕುರಿಗೆ ಮೊದಲು ಬೇಕಾದುದು ಹಿಂಡಿ. ಒಂದು ಹಿಡಿ ಹಿಂಡಿ ಬಿದ್ದರೆ ಆ ಒಣಹುಲ್ಲೇ ಹೆಚ್ಚು ಜೀರ್ಣವಾಗಿ ಮೈಗೆ ಹತ್ತುತ್ತದೆ. ನೆರೆಯವನು ಕೊಂಡ ಎಂದು ತಾನೂ ಅದನ್ನೇ ಕೊಳ್ಳುವುದು ಸಲ್ಲದೆಂಬುದಕ್ಕೆ ಇದೇ ಕಾರಣ.

ಎಲ್ಲ ಕುರಿಗಳಿಗೂ ಕೊಳ್ಳಬೇಕೆಂದಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಿನ ಮೇಲೆ ಕೈಯಿಟ್ಟು ಒತ್ತಿನೋಡಿದರೆ ಬೆನ್ನುಮೂಳೆಯ ಮೊನೆಗಳು ತಗಲುತ್ತವೆ. ಗರಗಸದ ಹಲ್ಲಿನಂತೆ ಚುಚ್ಚಿದರೆ ಕುರಿ ಬಡಕಲು. ಒತ್ತಿದಾಗ ಮಾತ್ರ ದುಂಡಗೆ ತಿಳಿದರೆ ಹದ. ಒತ್ತಿದರೂ ತಿಳಿಯದಿದ್ದರೆ ಕೊಬ್ಬು. ಆಸ್ಟ್ರೇಲಿಯದಲ್ಲಿ 1961ರಲ್ಲಿ ಇದನ್ನು ಅಂಕ ಕೊಡುವ ಪದ್ಧತಿಯಾಗಿ ಬರೆದಿಟ್ಟರು. ಈಗ ಒಂದರಿಂದ ಐದರವರೆಗೆ ಅಂಕ ಹಾಕುತ್ತಾರೆ, ಮೂರು ಬಂದರೆ ಒಳ್ಳೆಯದು. ನಮ್ಮ ಸಂತೆಗಳಲ್ಲಿ ಕುರಿ ಕೊಳ್ಳುವ ಮುದುಕರು ಬೆನ್ನು ಹಿಡಿದು ನೋಡುವುದೂ ಇದನ್ನೇ. ವ್ಯಾಪಾರಕ್ಕೆ ಬಳಸುವ ಆ ಕೈಯನ್ನು ಮನೆಯ ರೊಪ್ಪದಲ್ಲಿಯೂ ಬಳಸಿ, ಗಬ್ಬಕ್ಕೆ ಮೂರೂವರೆ ತಿಂಗಳಾದಾಗ ಬಡಕಲು ಕುರಿಗಳನ್ನು ಬೇರೆ ಮಾಡಿಕೊಂಡರೆ ಖರ್ಚಿನ ಅರ್ಧ ತೊಡಕು ಬಗೆಹರಿಯಿತು.

ಲೆಕ್ಕವೂ ಹೆದರುವಂಥದಲ್ಲ. ಮೂವತ್ತು ಕಿಲೋ ತೂಗುವ ನಮ್ಮ ನಾಡಿನ ಕುರಿಗೆ ದಿನಕ್ಕೆ 200 ಗ್ರಾಂ ತಿನಿಸು, ಅವಳಿಯಿದ್ದರೆ 300 ಗ್ರಾಂ. ಆರು ವಾರವೆಂದರೆ 42 ದಿನ. ಒಂದು ಕುರಿಗೆ 8 ಕಿಲೋ 400 ಗ್ರಾಂ ಆಯಿತು. ಇಪ್ಪತ್ತು ಗಬ್ಬದ ಕುರಿಗಳಿಗೆ 168 ಕಿಲೋ. ಐವತ್ತು ಕಿಲೋ ಚೀಲ ಮೂರು, ಮೇಲೆ ಸ್ವಲ್ಪ. ಸಾಯಬಹುದಾಗಿದ್ದ ಮರಿಗಳಲ್ಲಿ ಒಂದೆರಡು ಉಳಿದು ಬೆಳೆದು ಸಂತೆಗೆ ಹೋದರೆ ಈ ಹಣ ಹಿಂದಿರುಗುತ್ತದೆ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಚೀಲಕ್ಕೆ ಎಷ್ಟು?’ ಎಂಬುದು. ಕೇಳಬೇಕಾದ ಪ್ರಶ್ನೆ ‘ಚೀಲದಲ್ಲಿ ಎಷ್ಟು?’ ಎಂಬುದು. ಸಿಪ್ಪೆ ಸುಲಿದ ಶೇಂಗಾದ ಹಿಂಡಿಯಲ್ಲಿ (ನಮ್ಮ ಮೈಸೂರು ಕಡೆಯವರು ಕಡಲೆಕಾಯಿ ಹಿಂಡಿ ಎನ್ನುತ್ತಾರೆ) ನೂರಕ್ಕೆ ನಲವತ್ತಕ್ಕೂ ಮೀರಿ ಪ್ರೋಟೀನು ಇರುತ್ತದೆ. ಸಿಪ್ಪೆಸಹಿತವಾದ ಹತ್ತಿಕಾಳಿನ ಹಿಂಡಿಯಲ್ಲಿ ಅದರ ಅರ್ಧದಷ್ಟು, ಹುರುಳಿಯಲ್ಲಿಯೂ ಸುಮಾರು ಅಷ್ಟೇ. ಗೋಧಿ ಬೂಸದಲ್ಲಿ ಹದಿನೈದು, ಮೆಕ್ಕೆಜೋಳದಲ್ಲಿ ಒಂಬತ್ತು. ಪ್ರೋಟೀನಿಗಾಗಿಯೇ ಕೊಳ್ಳುವುದಾದರೆ, ಹತ್ತಿಕಾಳು ಹಿಂಡಿಯ ಬೆಲೆ ಶೇಂಗಾ ಹಿಂಡಿಯ ಬೆಲೆಯ ಅರ್ಧಕ್ಕಿಂತ ಕಡಿಮೆ ಇದ್ದಾಗ ಮಾತ್ರ ಅದು ಅಗ್ಗ. ಮುಕ್ಕಾಲು ಬೆಲೆಗೆ ಕೊಂಡು ಉಳಿತಾಯ ಮಾಡಿದೆನೆಂದುಕೊಳ್ಳುವವನು ವಾಸ್ತವವಾಗಿ ಹೆಚ್ಚು ತೆತ್ತಿರುತ್ತಾನೆ. ಬೀರು ತಯಾರಿಸುವ ಕಾರ್ಖಾನೆಯ ಹಸಿ ಗಸಿಯನ್ನು ಅಗ್ಗವೆಂದು ಹೊತ್ತು ತರುವವರು ಅದರ ಮುಕ್ಕಾಲು ಭಾಗ ನೀರೆಂಬುದನ್ನು ನೆನೆಯಬೇಕು. ನೀರಿಗೂ ಬಾಡಿಗೆ ಕೊಟ್ಟಂತಾಗುತ್ತದೆ.

ಸಿದ್ಧ ತಿನಿಸಿನ ಚೀಲದ ಮೇಲೆ ಪ್ರೋಟೀನಿನ ಪ್ರಮಾಣ ಅಚ್ಚಾಗಿರುತ್ತದೆ. ‘ಕಚ್ಚಾ ಪ್ರೋಟೀನು’ ಎಂಬುದು ಅಲ್ಲಿಯ ಮಾತು. ಆ ‘ಕಚ್ಚಾ’ ಎಂಬ ವಿಶೇಷಣವನ್ನು ನಾವು ಗಮನಿಸುವುದೇ ಇಲ್ಲ. ಡೆನ್ಮಾರ್ಕಿನ ಕೊಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬೀರು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ 1883ರಲ್ಲಿ ಸಾರಜನಕವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದ. ಇಂದಿಗೂ ಬಹುಮಟ್ಟಿಗೆ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸಿ ಪ್ರೋಟೀನು ಎನ್ನುತ್ತಾರೆ. ಯೂರಿಯ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ 46. ಗುಣಿಸಿ ನೋಡಿ: ಒಂದು ಕಿಲೋ ಯೂರಿಯ ಕಾಗದದ ಮೇಲೆ ಎರಡು ಮುಕ್ಕಾಲು ಕಿಲೋಗೂ ಮೀರಿದ ಪ್ರೋಟೀನಾಗಿಬಿಡುತ್ತದೆ! ಹಿಂಡಿಪುಡಿಗೆ ಯೂರಿಯ ಬೆರೆಸುವ ವಂಚನೆ ಹುಟ್ಟಿದ್ದು ಈ ಗಣಿತದಿಂದ. ಹದವರಿತು, ಕಾಳಿನ ಜೊತೆಗೆ, ಅಳೆದು ಕೊಟ್ಟರೆ ಮೆಲುಕುಹಾಕುವ ಪ್ರಾಣಿ ಯೂರಿಯವನ್ನು ಬಳಸಿಕೊಳ್ಳಬಲ್ಲುದು. ಹಸಿದ ಗಬ್ಬದ ಕುರಿಗೆ ಅಳತೆಯಿಲ್ಲದೆ ಬಿದ್ದರೆ ಅದು ವಿಷ. ಸಂಶಯ ಬಂದಾಗ ಆ ಪುಡಿಗೆ ಹುರಿಯದ ಸೋಯಾ ಹಿಟ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಬೆರೆಸಿ ಸ್ವಲ್ಪ ಹೊತ್ತು ಮುಚ್ಚಿಟ್ಟು ತೆರೆದರೆ, ಯೂರಿಯವಿದ್ದಲ್ಲಿ ಮೂಗಿಗೆ ಹೊಡೆಯುವ ಅಮೋನಿಯದ ವಾಸನೆ ಬರುತ್ತದೆ.

ಹಿಂಡಿಯನ್ನು ಪುಡಿಯಾಗಿ ಕೊಳ್ಳುವುದಕ್ಕಿಂತ ಬಿಲ್ಲೆಯಾಗಿ ಕೊಳ್ಳುವುದು ಲೇಸೆಂದು ನನ್ನ ಅಭಿಮತ. ಪುಡಿಯಲ್ಲಿ ಮರಳು, ಹೊಟ್ಟು, ಹಳೆಯ ದಾಸ್ತಾನು ಎಲ್ಲವೂ ಅಡಗಿಕೊಳ್ಳುತ್ತವೆ. ಬಿಲ್ಲೆಯನ್ನು ಮುರಿದು ಒಳಗನ್ನು ನೋಡಬಹುದು. ಹಸಿರು ಇಲ್ಲವೆ ಹಳದಿ ಬೂಷ್ಟು ಕಂಡರೆ, ಮುಗ್ಗಲು ನಾತ ಬಂದರೆ, ಅರ್ಧ ಬೆಲೆಗೆ ಕೊಟ್ಟರೂ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತ ಹೋದಾಗ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯೂ, ಅದರಲ್ಲಿ ಬೆಳೆದಿದ್ದ ಬೂಷ್ಟೂ, ಆ ಬೂಷ್ಟಿನ ವಿಷವೂ ಪತ್ತೆಯಾದವು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಕುರಿ ಟರ್ಕಿಕೋಳಿಯಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಈ ವಿಷ ಎರಗುವುದು ಯಕೃತ್ತಿನ ಮೇಲೆ, ಗಬ್ಬದ ಕುರಿಯ ಯಕೃತ್ತು ಆಗಲೇ ದಣಿದಿರುತ್ತದೆ. ಅಗ್ಗದ ಕಾಲದಲ್ಲಿ ವರ್ಷದ ಹಿಂಡಿಯನ್ನೆಲ್ಲ ಒಟ್ಟಿಗೆ ತಂದು ಮಣ್ಣಿನ ನೆಲದ ಮೇಲೆ ಒಟ್ಟುವುದು ಈ ಬೂಷ್ಟಿಗೆ ಕೊಡುವ ಆಮಂತ್ರಣ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಎರಡು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಇಡಬೇಕು.

ಹಳೆಯ ಎತ್ತಿನ ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುತ್ತಿತ್ತು, ಕುರಿ ಚಪ್ಪರಿಸುತ್ತಿತ್ತು. ಗಿರಣಿಯ ಹಿಂಡಿಯಲ್ಲಿ ಅದು ಕಡಿಮೆ. ರಾಸಾಯನಿಕ ದ್ರಾವಕದಿಂದ ಎಣ್ಣೆ ತೆಗೆದದ್ದರಲ್ಲಿ ನೂರಕ್ಕೆ ಒಂದರಷ್ಟೂ ಉಳಿಯುವುದಿಲ್ಲ. ಶಕ್ತಿ ಕಡಿಮೆಯಾದರೂ ಇದು ಬೇಗ ಕಮಟುವುದಿಲ್ಲವೆಂಬುದು ಒಂದು ಗುಣ. ಅಕ್ಕಿಯ ತವುಡಿನಲ್ಲಿ ಇನ್ನೊಂದು ಮೋಸ: ಭತ್ತದ ಹೊಟ್ಟನ್ನು ಬೀಸಿ ಬೆರೆಸುತ್ತಾರೆ. ಹಿಡಿ ತವುಡನ್ನು ಕೈಯಲ್ಲಿ ಹಿಸುಕಿದರೆ ಒಳ್ಳೆಯದು ಉಂಡೆಯಾಗಿ ನಿಲ್ಲುತ್ತದೆ, ಹೊಟ್ಟು ಬೆರೆತದ್ದು ಉದುರುತ್ತದೆ. ನಾಲಗೆಗೆ ಚುಚ್ಚುತ್ತದೆ ಕೂಡ.

ಮತ್ತೊಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ದನದ ತಿನಿಸು, ಕೋಳಿಯ ತಿನಿಸು, ಅವುಗಳಿಗಾಗಿ ಮಾಡಿದ ಖನಿಜ ಮಿಶ್ರಣ, ಇವನ್ನು ಕುರಿಗೆ ಹಾಕುವ ವಾಡಿಕೆ ಬೆಳೆಯುತ್ತಿದೆ. ಇವುಗಳಲ್ಲಿ ತಾಮ್ರದ ಅಂಶ ಹೆಚ್ಚಿರುತ್ತದೆ. ದನ ಅದನ್ನು ತಾಳಿಕೊಳ್ಳುತ್ತದೆ. ಕುರಿ ತಾಮ್ರವನ್ನು ಹೊರಹಾಕಲಾರದೆ ಯಕೃತ್ತಿನಲ್ಲಿ ಕೂಡಿಡುತ್ತ ಹೋಗಿ, ಒಂದು ದಿನ ಕಾಮಾಲೆ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತದೆ. ಚೀಲದ ಮೇಲೆ ಕುರಿಯ ಹೆಸರಿದೆಯೇ ಎಂದು ಓದಿಸಿಯಾದರೂ ನೋಡಬೇಕು. ಓದುಬಲ್ಲ ಮಕ್ಕಳು ಈಗ ಹಟ್ಟಿಹಟ್ಟಿಯಲ್ಲಿ ಇದ್ದಾರೆ.

ಮನೆಯಲ್ಲೇ ಬೆರೆಸುವವರಿಗೆ ಒಂದು ಹದ: ನೂರು ಕಿಲೋದಲ್ಲಿ ಮೆಕ್ಕೆಜೋಳದ ಇಲ್ಲವೆ ಜೋಳದ ನುಚ್ಚು 45, ಶೇಂಗಾ ಹಿಂಡಿ 22, ಗೋಧಿ ಬೂಸ 30, ಕುರಿಯ ಖನಿಜ ಮಿಶ್ರಣ 2, ಉಪ್ಪು 1. ಇದರಲ್ಲಿ ಪ್ರೋಟೀನು ಹದಿನೇಳು ಹದಿನೆಂಟು ಪಾಲಾಗುತ್ತದೆ. ದಾವಣಗೆರೆ ಹಾವೇರಿಗಳ ಕಡೆ ಮೆಕ್ಕೆಜೋಳ ಅಗ್ಗವಾಗಿ ಸಿಕ್ಕಿದರೂ ನುಚ್ಚನ್ನು ಮನಬಂದಂತೆ ಹೆಚ್ಚಿಸಬಾರದು. ಕಾಳು ಏಕಾಏಕಿ ಹೆಚ್ಚಾದರೆ ಹೊಟ್ಟೆ ಹುಳಿಯೇರಿ ಕುರಿ ಬೀಳುತ್ತದೆ. ದಿನಕ್ಕೆ 50 ಗ್ರಾಮಿನಿಂದ ತೊಡಗಿ ಹತ್ತು ಹನ್ನೆರಡು ದಿನಗಳಲ್ಲಿ ಪೂರ್ಣ ಅಳತೆಗೆ ಬರಬೇಕು. ಹಾಕುವಾಗ ಒಂದೊಂದು ಕುರಿಗೂ ಒಂದಡಿಯಾದರೂ ಜಾಗವಿರುವ ಉದ್ದನೆಯ ದೋಣಿಯಿರಬೇಕು. ಇಲ್ಲದಿದ್ದರೆ ಬಲಿತವು ನುಗ್ಗಿ ತಿಂದು, ಯಾವ ಬಡಕಲು ಕುರಿಗೆಂದು ಕೊಂಡೆವೋ ಅದು ಹಿಂದೆ ನಿಂತು ನೋಡುತ್ತಿರುತ್ತದೆ. ಇದು ಕುರಿಗಳಲ್ಲಿ ಮಾತ್ರ ಕಾಣುವ ರೀತಿಯೇನಲ್ಲ, ಇರಲಿ.

ಕೊಳ್ಳದೆ ಸಿಕ್ಕುವುದನ್ನೂ ಮರೆಯಬಾರದು. ಬೇಸಗೆಯಲ್ಲಿ ಉದುರುವ ಜಾಲಿಕಾಯಿಯನ್ನು ಮಕ್ಕಳು ಆರಿಸಿ ಚೀಲ ತುಂಬಿಟ್ಟರೆ ಅದು ಕಷ್ಟಕಾಲದ ತಿನಿಸು. ಬಳ್ಳಾರಿ ಜಾಲಿಯ ಸಿಹಿಕಾಯಿಯನ್ನು ಕುಟ್ಟಿಯೇ ಹಾಕಬೇಕು. ಹಾಗೆಯೇ ಹಾಕಿದರೆ ಬೀಜ ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬಿದ್ದು ಹೊಲವೆಲ್ಲ ಮುಳ್ಳಾಗುತ್ತದೆ. ತೊಗರಿ ಹೊಟ್ಟು, ಕಡಲೆ ಹೊಟ್ಟು, ಬದುವಿನ ಅಗಸೆ ಸೊಪ್ಪು ಇವೆಲ್ಲ ಹಿಂಡಿಯ ಖರ್ಚನ್ನು ತಗ್ಗಿಸುತ್ತವೆ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದಕ್ಕೆ ರೈತರು ದವಸ ಕೊಡುವ ರೂಢಿ ಹಿಂದಿನಿಂದಲೂ ಇದೆ. ಗಬ್ಬದ ಕುರಿಗಳಿರುವ ತಿಂಗಳಲ್ಲಾದರೂ ಹಣಕ್ಕೆ ಬದಲು ಜೋಳವನ್ನೋ ಹುರುಳಿಯನ್ನೋ ಕೇಳಿ ಪಡೆದರೆ, ಅಂಗಡಿಯ ದಾರಿ ಅಷ್ಟು ಹತ್ತಿರವಾಗುತ್ತದೆ.

ಈಯುವ ದಿನ ಕುರಿ ತಿನಿಸನ್ನು ಮುಟ್ಟದಿದ್ದರೆ ಗಾಬರಿಯಾಗಬೇಕಾದ್ದಿಲ್ಲ. ಈದ ಮೇಲೆ ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಕರಗಿಸಿ ಕುಡಿಯಲಿಟ್ಟು, ಮರಿ ಒಂದು ಗಂಟೆಯೊಳಗೆ ಎದ್ದು ಮೊಲೆಗೆ ಬಾಯಿಟ್ಟಿತೇ ಎಂದು ನೋಡಬೇಕು. ಮೂರನೆಯ ದಿನದಿಂದ ಮತ್ತೆ ಅದೇ ತಿನಿಸನ್ನು ಮುಂದುವರಿಸಿ, ಹಾಲು ಇಳಿಯುವವರೆಗೆ, ಅಂದರೆ ಇನ್ನೊಂದು ಎರಡು ತಿಂಗಳು, ನಿಲ್ಲಿಸದಿರುವುದು ಒಳ್ಳೆಯದು. ಚೀಲ ಕೊಳ್ಳುವಾಗಲೇ ಈ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರಬೇಕು.